ಎರಡು ರಿಜಿಸ್ಟರ್‌ಗಳ ನಡುವೆ

ಎಂಬಿಬಿಎಸ್ ಓದುವಾಗ ಕ್ಷಯರೋಗ ನನಗೆ ಅಂಕ ತಂದುಕೊಟ್ಟ ಪಾಠ. ರಾಬರ್ಟ್ ಕಾಕ್ ರೋಗಾಣುವಿನ ಸುದ್ದಿಯನ್ನು ಲೋಕಕ್ಕೆ ತಿಳಿಸಿದ್ದು 1882ರ ಮಾರ್ಚ್ 24ರಂದು ಎನ್ನುವುದರಿಂದ ಹಿಡಿದು ಔಷಧಗಳ ಅಡ್ಡಪರಿಣಾಮಗಳವರೆಗೆ ಎಲ್ಲವೂ ಬಾಯಿಪಾಠವಾಗಿತ್ತು. ಆಮೇಲೆ ಹಳೆ ಮೈಸೂರು ಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಗೆ ಬಂದೆ. ಕ್ಷಯರೋಗ ಘಟಕದ ವೈದ್ಯಾಧಿಕಾರಿ ಎಂಬ ಹೆಚ್ಚುವರಿ ಹೊಣೆ ಹೆಗಲಿಗೆ ಬಿದ್ದ ಮೊದಲ ವಾರದಲ್ಲೇ ಗೊತ್ತಾಯಿತು: ಕಫ ಯಾವುದು, ಉಗುಳು ಯಾವುದು ಎಂದು ರೋಗಿಗೆ ಮನದಟ್ಟಾಗುವಂತೆ ಹೇಳಲು ನನಗೆ ಬರುವುದಿಲ್ಲ. ‘ಕಫ ಕೊಡಿ’ ಎಂದು ಡಬ್ಬಿ ಕೈಗಿಟ್ಟರೆ ಅವರು ಮರ್ಯಾದೆಯಿಂದ ಮೂಲೆಗೆ ಹೋಗಿ ಜೊಲ್ಲು ತುಂಬಿಸಿಕೊಂಡು ಬರುತ್ತಿದ್ದರು. ನಮ್ಮ ಪ್ರಯೋಗಾಲಯದ ತಂತ್ರಜ್ಞರು ಒಂದು ಡಬ್ಬಿಯನ್ನು ಬೆಳಕಿಗೆ ಹಿಡಿದು, "ಮೇಡಂ, ಇದರಲ್ಲಿ ಎಲೆ ಅಡಿಕೆ ಬಿಟ್ಟು ಬೇರೇನೂ ಇಲ್ಲ" ಎಂದರು.

ಅಷ್ಟರಲ್ಲಿ ಬೆಂಗಳೂರಿನ ಲೇಡಿ ವಿಲ್ಲಿಂಗ್‌ಡನ್ ರಾಜ್ಯ ಕ್ಷಯರೋಗ ಕೇಂದ್ರದಲ್ಲಿ ತರಬೇತಿಗೆ ಆದೇಶ ಬಂತು. ಆಗಿನ ತರಬೇತಿಯ ಪದ್ಧತಿ ವಿಚಿತ್ರ. ಎಲ್ಲರ ಕೈಗೂ ಒಂದೊಂದು ಮಾಡ್ಯೂಲ್ ಪುಸ್ತಕ; ಒಬ್ಬರಾದ ಮೇಲೆ ಒಬ್ಬರು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಬೇಕು, ನಡುನಡುವೆ ಲೆಕ್ಕ ಬಿಡಿಸಬೇಕು. ಮೂವತ್ತು ದಾಟಿದ ವೈದ್ಯರು ಮೂರನೇ ತರಗತಿಯವರಂತೆ ಓದುವುದನ್ನು ಕೇಳುತ್ತ, ಊಟದ ಮೇಲೆ ನಾನೂ ತೂಕಡಿಸಿದ್ದೇನೆ. ಆದರೆ ಪ್ರಯೋಗಾಲಯದ ದಿನ ಯಾರೂ ತೂಕಡಿಸಲಿಲ್ಲ.

ಗಾಜಿನ ಪಟ್ಟಿಯ ಮೇಲೆ ಮೂರು ಸೆಂಟಿಮೀಟರ್ ಉದ್ದ, ಎರಡು ಸೆಂಟಿಮೀಟರ್ ಅಗಲಕ್ಕೆ ಕಫವನ್ನು ಸವರಬೇಕು. ದಪ್ಪವಾದರೆ ಬಣ್ಣ ಹಾಕುವಾಗ ಕಿತ್ತುಕೊಂಡು ಹೋಗುತ್ತದೆ, ತೆಳುವಾದರೆ ರೋಗಾಣು ಕಾಣುವುದಿಲ್ಲ. ಹದ ನೋಡಲು ಕಲಿಸುವವರು ಅಂದಿನ ಕನ್ನಡ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, ಒಣಗಿದ ಪಟ್ಟಿಯನ್ನು ಅದರ ಮೇಲೆ ಹಿಡಿಸಿದರು. ಕೆಳಗಿನ ಅಕ್ಷರ ಮಸುಕಾಗಿ ಓದಲು ಬಂದರೆ ಹದ ಸರಿ. ನನ್ನದರ ಕೆಳಗೆ ಹೆಡ್‌ಲೈನ್ ಕೂಡ ಕಾಣಲಿಲ್ಲ. ಬಣ್ಣ ಸುರಿದು, ಆವಿಯೇಳುವವರೆಗೆ ಕಾಯಿಸಿ, ಆಮ್ಲದಲ್ಲಿ ತೊಳೆದು, ನೀಲಿ ಹಾಕಿ, ಕೊನೆಗೆ ಸೂಕ್ಷ್ಮದರ್ಶಕದಡಿ ಇಟ್ಟೆ. ಮೂವತ್ತೋ ನಲವತ್ತೋ ಕ್ಷೇತ್ರ, ಅಂದರೆ ಮಸೂರದಡಿ ಒಮ್ಮೆಗೆ ಕಾಣುವಷ್ಟು ಜಾಗ, ನೋಡಿ ‘ನೆಗೆಟಿವ್’ ಎಂದು ಬರೆದೆ. ಅವರು ಏನೂ ಹೇಳದೆ ಕುಳಿತು, ನೂರರವರೆಗೂ ಎಣಿಸುತ್ತ ಹೋದರು. ಎಂಬತ್ತರ ಆಸುಪಾಸಿನಲ್ಲಿ ನಿಲ್ಲಿಸಿ ನನ್ನನ್ನು ಕರೆದರು. ನೀಲಿ ಹಿನ್ನೆಲೆಯಲ್ಲಿ ತುಸು ಬಾಗಿದ ಎರಡು ಕೆಂಪು ಗೆರೆಗಳು, ಕ್ಷಯದ ರೋಗಾಣುಗಳು. ನೂರು ಕ್ಷೇತ್ರಗಳಲ್ಲಿ ಒಂದರಿಂದ ಒಂಬತ್ತು ಸಿಕ್ಕರೆ ‘ಸ್ಕ್ಯಾಂಟಿ’ (ಅತ್ಯಲ್ಪ) ಎಂದು, ಎಷ್ಟು ಸಿಕ್ಕಿತೋ ಆ ಅಂಕಿಯ ಸಮೇತ ಬರೆಯಬೇಕು ಎಂಬ ಸಾಲನ್ನು ಹಿಂದಿನ ದಿನವಷ್ಟೇ ನಾನೇ ಗಟ್ಟಿಯಾಗಿ ಓದಿದ್ದೆ.

ಊರಿಗೆ ಮರಳಿದ ಮೇಲೆ ತರಬೇತಿ ಕೊಡುವ ಸರದಿ ನನ್ನದು. ಆಶಾ ಕಾರ್ಯಕರ್ತೆಯರಿಗೆ, ಕಿರಿಯ ಆರೋಗ್ಯ ಸಹಾಯಕರಿಗೆ ತರಬೇತಿ ಎಂದರೆ ಒಂದು ಬ್ಯಾನರ್, ಉಪ್ಪಿಟ್ಟು, ಮೂವತ್ತು ಸ್ಲೈಡ್, ಹಾಜರಿ ಸಹಿ, ಭತ್ಯೆ. ನಾನೂ ಒಂದೆರಡು ಬಾರಿ ಹಾಗೆಯೇ ಮಾಡಿ ಮುಗಿಸಿದೆ. ಮೂರನೆಯ ಸಲ ಕರೆಂಟ್ ಹೋಯಿತು, ಅದೇ ಒಳ್ಳೆಯದಾಯಿತು. ಎಲ್ಲರಿಗೂ ಕಫದ ಖಾಲಿ ಡಬ್ಬಿ ಹಂಚಿ, ಪಕ್ಕದವರನ್ನೇ ರೋಗಿ ಎಂದುಕೊಂಡು ವಿವರಿಸಿ ಎಂದೆ. ಮೊದಲು ನಕ್ಕರು. ಆಮೇಲೆ ಒಬ್ಬ ಹಿರಿಯ ಆಶಾ ಎದ್ದು ನಿಂತು, "ನೋಡಿ ಅಣ್ಣ, ಬಾಯಿಯದು ಬೇಡ, ಮೂಗಿನದೂ ಬೇಡ. ಬೆಳಿಗ್ಗೆ ಬಾಯಿ ಮುಕ್ಕಳಿಸಿ, ಬಯಲಿಗೆ ಬಂದು, ಎರಡು ಸಲ ಉಸಿರು ತುಂಬಿ ಬಿಡಿ. ಮೂರನೆಯ ಸಲ ಬಾವಿಯ ತಳದಿಂದ ಕೊಡ ಎಳೆದ ಹಾಗೆ ಎದೆಯಿಂದ ಎಳೆದು ಕೆಮ್ಮಿ" ಎಂದು ಅಭಿನಯಿಸಿ ತೋರಿಸಿದರು. ಅಂದಿನಿಂದ ಆ ಭಾಗವನ್ನು ಅವರೇ ನಡೆಸಿಕೊಡುತ್ತಾರೆ. ನಮ್ಮಲ್ಲಿಗೆ ಬರುವ ಜೊಲ್ಲಿನ ಡಬ್ಬಿಗಳು ಕಡಿಮೆಯಾದವು. ಆ ಶ್ರೇಯಸ್ಸು ಯಾವ ಸ್ಲೈಡಿಗೂ ಸೇರಬೇಕಾದ್ದಲ್ಲ.

ಸಂಶೋಧನೆ ನನ್ನ ತಲೆಗೆ ಹೊಕ್ಕದ್ದು ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ. 1959ರಲ್ಲಿ ಶುರುವಾದ ಸಂಸ್ಥೆ ಅದು. ಅಲ್ಲಿ ಒಂದು ಮಧ್ಯಾಹ್ನ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಚರ್ಚೆ ನಡೆಯಿತು. ಕ್ಷೇತ್ರ ತುಮಕೂರು ಜಿಲ್ಲೆ. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದ ಕಾಲ. ಇವರು ಮನೆಮನೆಗೆ ಹೋಗಿ ರೋಗಿಗಳನ್ನೇ ಕೇಳಿದರು. ಹೆಚ್ಚಿನವರಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಅಲ್ಲಿ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ. ದೇಶದ ಕ್ಷಯರೋಗ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳ ಜೊತೆ ಬೆಸೆದುಕೊಳ್ಳಲು ಇಂತಹ ಕೆಲಸವೇ ಆಧಾರ. ನಮ್ಮ ಪಕ್ಕದ ಜಿಲ್ಲೆಯ ಹಳ್ಳಿಗಳಲ್ಲಿ, ದೊಡ್ಡ ಯಂತ್ರಗಳಿಲ್ಲದೆ, ಸರಿಯಾದ ಒಂದು ಪ್ರಶ್ನೆ ಕೇಳಿ ಇಷ್ಟು ಸಾಧಿಸಿದರಲ್ಲ ಎಂದು ಬಸ್ಸಿನಲ್ಲಿ ಬರುವಾಗಲೂ ಅದೇ ಯೋಚನೆ.

ಹುಮ್ಮಸ್ಸಿನಲ್ಲಿ ‘ನಮ್ಮ ಜಿಲ್ಲೆಯಲ್ಲಿ ಕ್ಷಯ ಏಕೆ ಕಡಿಮೆಯಾಗುತ್ತಿಲ್ಲ’ ಎಂಬ ತಲೆಬರಹ ಕೊಟ್ಟು ಹನ್ನೆರಡು ಪುಟದ ಪ್ರಸ್ತಾವ ಬರೆದೆ. ದಿನನಿತ್ಯದ ಕೆಲಸದಲ್ಲಿನ ಲೋಪಗಳನ್ನೇ ಅಧ್ಯಯನ ಮಾಡುವ ಕಾರ್ಯಾಚರಣಾ ಸಂಶೋಧನೆಯ ಕೋರ್ಸಿಗೆ ಸೇರಿದಾಗ ಅದನ್ನೇ ಹಿಡಿದುಕೊಂಡು ಹೋಗಿದ್ದೆ. ಯೂನಿಯನ್ ಎಂದು ಎಲ್ಲರೂ ಕರೆಯುವ ಅಂತರರಾಷ್ಟ್ರೀಯ ಕ್ಷಯರೋಗ ಒಕ್ಕೂಟ ಮತ್ತು ‘ಗಡಿಯಿಲ್ಲದ ವೈದ್ಯರು’ ಸಂಘಟನೆ ಎಂಎಸ್‌ಎಫ್ 2009ರಲ್ಲಿ ಶುರುಮಾಡಿದ, ಮುಂದೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿರುವ, ಉಷ್ಣವಲಯದ ರೋಗಗಳ ಸಂಶೋಧನೆಯ ಕಾರ್ಯಕ್ರಮ ಟಿಡಿಆರ್ ‘ಸಾರ್ಟ್ ಇಟ್’ ಎಂಬ ಹೆಸರಿನಲ್ಲಿ ಬೆಳೆಸಿದ ಮಾದರಿಯ ಕೋರ್ಸ್ ಅದು. ಮೂರು ಹಂತ: ಪ್ರಶ್ನೆ ಮತ್ತು ಪ್ರಸ್ತಾವ, ದತ್ತಾಂಶದ ನಮೂದು ಮತ್ತು ವಿಶ್ಲೇಷಣೆ, ಕೆಲವು ತಿಂಗಳ ಬಳಿಕ ಪ್ರಬಂಧದ ಬರವಣಿಗೆ. ಪ್ರತಿ ಹಂತಕ್ಕೂ ಗಡುವು, ತಪ್ಪಿದರೆ ಮನೆಗೆ. ಕೊನೆಯ ಹಂತ ಮುಗಿದ ನಾಲ್ಕು ವಾರದೊಳಗೆ ಪ್ರಬಂಧ ಪತ್ರಿಕೆಗೆ ಹೋಗಲೇಬೇಕು. ಸರ್ಕಾರಿ ನೌಕರರಿಗೆ ಇಂತಹ ಗಡುವು ಹೊಸದು. ನಮಗೆ ಗೊತ್ತಿರುವುದು ಜ್ಞಾಪನ ಪತ್ರ ಮಾತ್ರ.

ಮಾರ್ಗದರ್ಶಕರು ನನ್ನ ಹನ್ನೆರಡು ಪುಟವನ್ನು ಪಕ್ಕಕ್ಕೆ ಸರಿಸಿ, "ನಿಮ್ಮ ಮೇಜಿನ ಮೇಲೆ ದಿನವೂ ಯಾವ ಪುಸ್ತಕ ಇರುತ್ತದೆ?" ಎಂದು ಕೇಳಿದರು. ಪ್ರಯೋಗಾಲಯದ ರಿಜಿಸ್ಟರ್, ಚಿಕಿತ್ಸೆಯ ರಿಜಿಸ್ಟರ್ ಎಂದೆ. "ಮೊದಲನೆಯದರಲ್ಲಿ ಕೆಂಪು ಶಾಯಿಯಲ್ಲಿ ಪಾಸಿಟಿವ್ ಎಂದು ಬರೆದ ಹೆಸರುಗಳೆಲ್ಲ ಎರಡನೆಯದರಲ್ಲಿ ಇವೆಯೇ?" ನಾನು ಇರಬೇಕು ಎಂದೆ. "ಇರಬೇಕೋ, ಇವೆಯೋ?" ಅಲ್ಲಿಗೆ ನನ್ನ ಸಂಶೋಧನೆಯ ಪ್ರಶ್ನೆ ಸಿಕ್ಕಿತು: ರೋಗ ಖಚಿತವಾದ ಮೇಲೂ ಚಿಕಿತ್ಸೆಗೆ ಬಾರದವರು ಯಾರು, ಅವರು ಎಲ್ಲಿ ಹೋದರು.

ಇಂತಹ ಕೆಲಸಕ್ಕೆ ರಾಷ್ಟ್ರೀಯ ಕಾರ್ಯಕ್ರಮದ ಬಜೆಟ್ಟಿನಲ್ಲೇ ಒಂದು ಬಾಬ್ತು ಇದೆ. ರಾಜ್ಯ ಮಟ್ಟದ ಸಮಿತಿ ಪ್ರಸ್ತಾವ ನೋಡಿ ಮಂಜೂರು ಮಾಡುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಕ್ಕೂ ಹಣ ಉಂಟು. ಇದು ಎಷ್ಟೋ ವೈದ್ಯರಿಗೆ ಗೊತ್ತೇ ಇಲ್ಲ, ಗೊತ್ತಿದ್ದವರು ಕಡತದ ಹಿಂದೆ ಯಾರು ಓಡಾಡುತ್ತಾರೆ ಎಂದು ಸುಮ್ಮನಾಗುತ್ತಾರೆ. ನಾನು ಕೇಳಿದ್ದು 68,000 ರೂಪಾಯಿ. ದತ್ತಾಂಶ ನಮೂದಿಸುವವರ ಸಂಭಾವನೆ, ಮುದ್ರಣ, ಓಡಾಟ, ಜೊತೆಗೆ ಆಸೆಯಿಂದ ಒಂದು ಲ್ಯಾಪ್‌ಟಾಪ್. ಲ್ಯಾಪ್‌ಟಾಪಿನ ಮೇಲೆ ಕೆಂಪು ಗೆರೆ ಬಿತ್ತು. ಉಳಿದದ್ದು ಪಾಸಾಯಿತು.

ತಾಲ್ಲೂಕು ಆಸ್ಪತ್ರೆಯಲ್ಲಿ ನೈತಿಕ ಸಮಿತಿ ಎಲ್ಲಿಂದ ಬರಬೇಕು? ಒಂದು ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದವರನ್ನು ಸಹ ಸಂಶೋಧಕರನ್ನಾಗಿ ಸೇರಿಸಿಕೊಂಡು ಅವರ ಸಮಿತಿಯ ಮುಂದೆ ಹೋದೆ. ಹಳೆಯ ದಾಖಲೆ ನೋಡಲು ಅಡ್ಡಿ ಇರಲಿಲ್ಲ. ಕಳೆದುಹೋದವರ ಮನೆಗೆ ಹೋಗಿ ಮಾತನಾಡಿಸಲು ಸಮ್ಮತಿ ಪತ್ರ ಬೇಕಿತ್ತು. ಇಂಗ್ಲಿಷಿನ ನಮೂನೆಯನ್ನು ಅನುವಾದಿಸಿ ಒಯ್ದಿದ್ದೆ. ‘ಸದರಿ ಅಧ್ಯಯನದಲ್ಲಿ ಸ್ವಇಚ್ಛೆಯಿಂದ ಸಹಭಾಗಿತ್ವ ಹೊಂದಲು’ ಎಂದು ಮೊದಲ ಸಾಲು. ಸಮಿತಿಯಲ್ಲಿ ವೈದ್ಯಕೀಯದ ಹೊರಗಿನ ಸದಸ್ಯರೊಬ್ಬರು ಇರಬೇಕೆಂಬ ನಿಯಮವಿದೆ. ಅಲ್ಲಿದ್ದವರು ನಿವೃತ್ತ ಶಾಲಾ ಶಿಕ್ಷಕಿ. ಕನ್ನಡಕ ಸರಿಮಾಡಿಕೊಂಡು, "ಇದನ್ನು ಯಾರಿಗೆ ಓದಿ ಹೇಳುತ್ತೀಯಮ್ಮ, ತಹಶೀಲ್ದಾರರಿಗಾ?" ಎಂದರು. ಅವರೇ ಪೆನ್ನು ತೆಗೆದು ತಿದ್ದಿದರು: ‘ನೀವು ಒಪ್ಪಿದರೆ ಮಾತ್ರ ಮಾತನಾಡುತ್ತೇವೆ. ಬೇಡವೆಂದರೂ ನಿಮ್ಮ ಔಷಧ ನಿಲ್ಲುವುದಿಲ್ಲ.’

ದಾಖಲೆಗಳ ಕೆಲಸ ಎಣಿಸಿದ್ದಕ್ಕಿಂತ ತಲೆನೋವಿನದು. ಒಂದು ರಿಜಿಸ್ಟರಿನಲ್ಲಿ ಹೆಸರು ಕನ್ನಡದಲ್ಲಿ, ಇನ್ನೊಂದರಲ್ಲಿ ಇಂಗ್ಲಿಷಿನಲ್ಲಿ. ರಂಗಪ್ಪ ಬಿನ್ ರಂಗಪ್ಪ ಒಂದೇ ಪುಟದಲ್ಲಿ ಇಬ್ಬರು. ಸಣ್ಣಮ್ಮ ಇನ್ನೊಂದು ಕಡೆ ಸಣ್ಣಕ್ಕ ಆಗಿದ್ದಾರೆ, ವಯಸ್ಸು ನಲವತ್ತರಿಂದ ನಲವತ್ತೈದಕ್ಕೆ ಜಿಗಿದಿದೆ, ಊರು ಗಂಡನದೋ ತವರಿನದೋ ಗೊತ್ತಿಲ್ಲ. ಎಪಿಡೇಟಾ ಎಂಬ ಉಚಿತ ತಂತ್ರಾಂಶದಲ್ಲಿ ಇಬ್ಬರು ಬೇರೆಬೇರೆಯಾಗಿ ನಮೂದಿಸಿ, ಎರಡನ್ನೂ ತಾಳೆ ನೋಡುವ ಪದ್ಧತಿ. ನಾನೊಬ್ಬಳು, ನಮ್ಮ ಹಿರಿಯ ಚಿಕಿತ್ಸಾ ಮೇಲ್ವಿಚಾರಕರು ಇನ್ನೊಬ್ಬರು. ಮೊದಲ ತಾಳೆಯಲ್ಲಿ ಬಂದ ತಪ್ಪುಗಳ ಪಟ್ಟಿಯಲ್ಲಿ ಹೆಚ್ಚಿನವು ನನ್ನವೇ. ಅವರು ಎರಡು ದಿನ ಅದನ್ನು ಚಹಾದ ಜೊತೆ ಚಪ್ಪರಿಸಿದರು.

ಹೆಸರು ಮಾಯವಾಗಲು ಯಾವ ದೊಡ್ಡ ಕಾರಣವೂ ಬೇಕಿರಲಿಲ್ಲ. ಬರೆಸಿದ ಫೋನ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪು. ಇಟ್ಟಿಗೆ ಗೂಡಿನವರು ಫಲಿತಾಂಶ ಬರುವಷ್ಟರಲ್ಲಿ ಬೇರೆ ಗೂಡಿಗೆ ಹೋಗಿದ್ದರು. ಕೆಲವರು ಖಾಸಗಿಯಲ್ಲಿ ಔಷಧ ಕೊಳ್ಳುತ್ತಿದ್ದರು, ಕೆಲವರು ಚಿಕಿತ್ಸೆ ಶುರುವಾಗುವ ಮೊದಲೇ ತೀರಿಕೊಂಡಿದ್ದರು. ಫಲಿತಾಂಶದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು, ಓದಲು ಬಾರದೆ, ‘ಏನೂ ಇಲ್ಲವೆಂದು ಬರೆದಿದ್ದಾರೆ’ ಎಂದುಕೊಂಡ ಒಬ್ಬರೂ ಇದ್ದರು.

ಆ ಚೀಟಿಯವರನ್ನು ಹುಡುಕಲು ಹೋಗಿದ್ದು ಆಟೋದಲ್ಲಿ. ತೋಟದ ಮನೆ, ಬಸ್ ಹೋಗುವುದಿಲ್ಲ, ಇಲಾಖೆಯ ಜೀಪು ಅಂದು ಪೋಲಿಯೊ ಕೆಲಸಕ್ಕೆ. ಹೋಗಿ ಬರಲು 360 ರೂಪಾಯಿ. ಅವರು ಅಡಿಕೆ ಸುಲಿಯುವ ಚಪ್ಪರದ ಕಂಬಕ್ಕೆ ಒರಗಿ ಕುಳಿತಿದ್ದರು. ಚೀಟಿ ಕೇಳಿದರೆ ಹೆಂಡತಿ ಒಳಗಿನಿಂದ ಪಡಿತರ ಚೀಟಿಯ ಚೀಲವನ್ನೇ ತಂದರು. ಅದರೊಳಗೆ ನಾಲ್ಕು ಮಡಿಕೆಯಾಗಿದ್ದ ನಮ್ಮದೇ ಕಾಗದ, 2+ ಎಂದು, ಅಂದರೆ ಪಾಸಿಟಿವ್. ಸಮ್ಮತಿ ಪತ್ರ, ಪ್ರಶ್ನಾವಳಿ ಎಲ್ಲವನ್ನೂ ನನ್ನ ಚೀಲದಲ್ಲೇ ಬಿಟ್ಟು ಅವರನ್ನು ಅದೇ ಆಟೋಗೆ ಹತ್ತಿಸಿಕೊಂಡು ಬಂದೆವು. ಸಂದರ್ಶನ ಆದದ್ದು ಹದಿನೈದು ದಿನಗಳ ಮೇಲೆ.

ಹಣದ ವಿಷಯದಲ್ಲಿ ಹೊಸಬರಿಗೆ ಎರಡು ಮಾತು. ಮಂಜೂರಾತಿ ಆದೇಶ ಬಂತು ಎಂದರೆ ಹಣ ಬಂತು ಎಂದಲ್ಲ. ನನ್ನದು ಖಾತೆಗೆ ಬಿದ್ದದ್ದು ಫೆಬ್ರವರಿಯ ಕೊನೆಗೆ. ಮಾರ್ಚ್ 31ರೊಳಗೆ ಖರ್ಚು ತೋರಿಸಿ ಬಳಕೆ ಪ್ರಮಾಣಪತ್ರ ಕೊಡಿ ಎಂಬ ಪತ್ರ ಅದರ ಬೆನ್ನಿಗೇ. ಅಷ್ಟರಲ್ಲಿ ಅರ್ಧ ಕೆಲಸ ಕೈಯಿಂದ ಹಾಕಿ ಮುಗಿಸಿದ್ದೆ, ಹಾಗಾಗಿ ಬಚಾವಾದೆ. ಇನ್ನೊಂದು: ಕೆಲವು ಪತ್ರಿಕೆಗಳು ಪ್ರಬಂಧ ಪ್ರಕಟಿಸಲು ಲೇಖಕರಿಂದಲೇ ಶುಲ್ಕ ಕೇಳುತ್ತವೆ. ಅದನ್ನು ಬಜೆಟ್ಟಿನಲ್ಲಿ ಮೊದಲೇ ಬರೆಯಿರಿ. ನಾನು ಬರೆದಿರಲಿಲ್ಲ. ಒಂದು ಪತ್ರಿಕೆ ತಿರಸ್ಕರಿಸಿತು, ಎರಡನೆಯದು ಶುಲ್ಕವಿಲ್ಲದೆ ತೆಗೆದುಕೊಂಡಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದರೆ ಐಸಿಎಂಆರ್, ಎಂಬಿಬಿಎಸ್ ವಿದ್ಯಾರ್ಥಿಗಳಿಗೂ ಎರಡು ತಿಂಗಳ ಅಧ್ಯಯನಕ್ಕೆ ಹಣ ಕೊಡುತ್ತದೆ, ಅದಕ್ಕೆ ಎಸ್‌ಟಿಎಸ್ ಎನ್ನುತ್ತಾರೆ. ನಮ್ಮಲ್ಲಿ ಎಸ್‌ಟಿಎಸ್ ಎಂದರೆ ಹಿರಿಯ ಚಿಕಿತ್ಸಾ ಮೇಲ್ವಿಚಾರಕರು. ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ ‘ನನಗೆ ಎಸ್‌ಟಿಎಸ್ ಸಿಕ್ಕಿದೆ’ ಎಂದಾಗ, ನಮ್ಮವರು ಬೈಕಿನಲ್ಲಿ ದಾರಿ ತಪ್ಪಿ ಅವಳ ಊರು ಸೇರಿದರೇನೋ ಎಂದುಕೊಂಡೆ.

ದೊಡ್ಡ ಹಣದ ಸಂಶೋಧನೆಯನ್ನು ನಾನು ಹಗುರ ಮಾಡುತ್ತಿಲ್ಲ. ಮಂಗಳೂರಿನ ಯೆನೆಪೋಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತವರ ತಂಡ ಐಸಿಎಂಆರ್ ನೆರವಿನಿಂದ ಜಾರ್ಖಂಡ್‌ನಲ್ಲಿ ನಡೆಸಿದ ರೇಷನ್ಸ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. 2,800 ರೋಗಿಗಳ ಮನೆಯ 10,345 ಮಂದಿಯಲ್ಲಿ, ಆಹಾರದ ಕಿಟ್ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು 39% ಕಡಿಮೆ. ಹೊಟ್ಟೆಗಿಲ್ಲದವರಿಗೆ ಕ್ಷಯ ಬರುತ್ತದೆ ಎಂದು ನಮ್ಮ ಆಶಾ ಕೂಡ ಹೇಳುತ್ತಾರೆ. ಅದನ್ನು ಅಂಕಿಯಲ್ಲಿ ತೋರಿಸಲು ಇಷ್ಟು ಜನ, ಇಷ್ಟು ವರ್ಷ, ಇಷ್ಟು ಹಣ ಬೇಕಾಯಿತು.

ನಮ್ಮ ಪುಟ್ಟ ಅಧ್ಯಯನದಿಂದ ಉಳಿದದ್ದು ಎರಡು ಅಭ್ಯಾಸ. ಶನಿವಾರ ಮಧ್ಯಾಹ್ನ ಎರಡೂ ರಿಜಿಸ್ಟರ್‌ಗಳನ್ನು ಪಕ್ಕಪಕ್ಕ ತೆರೆದು ಒಬ್ಬರು ಓದುವುದು, ಇನ್ನೊಬ್ಬರು ಗುರುತು ಹಾಕುವುದು. ರೋಗಿ ಎದುರಿಗಿರುವಾಗಲೇ ಅವರು ಹೇಳಿದ ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟು, ಜೇಬಿನಲ್ಲಿ ರಿಂಗಾದ ಮೇಲೆ ಬರೆದುಕೊಳ್ಳುವುದು. ಈಗ ಎಲ್ಲವೂ ಕ್ಷಯ ರೋಗಿಗಳ ವಿವರ ದಾಖಲಿಸುವ ಸರ್ಕಾರಿ ಜಾಲತಾಣ ನಿಕ್ಷಯ್‌ನ ಪರದೆಯ ಮೇಲೆ ಬಂದಿದೆ. ತಪ್ಪು ಸಂಖ್ಯೆ ಅಲ್ಲೂ ಅಷ್ಟೇ ಅಚ್ಚುಕಟ್ಟಾಗಿ ಕೂರುತ್ತದೆ, ಆದ್ದರಿಂದ ಮಿಸ್ಡ್ ಕಾಲ್ ಬಿಟ್ಟಿಲ್ಲ.

ಲೆಕ್ಕ ತಪಾಸಣೆ ಬಂದಾಗ ಒಂದೇ ಒಂದು ಷರಾ ಬಿತ್ತು: ಆಟೋ ಬಾಡಿಗೆ ರೂ. 360ಕ್ಕೆ ಅಧಿಕೃತ ರಸೀದಿ ಲಗತ್ತಿಸಿಲ್ಲ, ವಸೂಲಿ ಮಾಡುವುದು. ಆಟೋದವರ ಕೈಬರಹದ ಚೀಟಿ ನಡೆಯಲಿಲ್ಲ. ಅದು 2016. ರೋಗಿಯೊಬ್ಬರ ಇಡೀ ಆರು ತಿಂಗಳ ಔಷಧವನ್ನು ಅವರ ಹೆಸರು ಬರೆದ ಒಂದೇ ಪೆಟ್ಟಿಗೆಯಲ್ಲಿ ತೆಗೆದಿಡುತ್ತಿದ್ದ ಕಾಲ. ಮೊದಲ ಬಾರಿಯ ರೋಗಿಗೆ ಕೆಂಪು ಪೆಟ್ಟಿಗೆ. ನಾನು ಬ್ಯಾಂಕಿಗೆ ಹೋಗಿ 360 ರೂಪಾಯಿ ಕಟ್ಟಿ, ಚಲನ್ ಹಿಡಿದುಕೊಂಡು ಬಂದಾಗ, ತೋಟದ ಮನೆಯವರು ಔಷಧದ ಕೊಠಡಿಯ ಬೆಂಚಿನ ಮೇಲೆ ಕುಳಿತು ತಮ್ಮ ಪೆಟ್ಟಿಗೆಯ ಕೊನೆಯ ಪಟ್ಟಿಯನ್ನು ಬಿಡಿಸುತ್ತಿದ್ದರು. "ಏನಮ್ಮ, ಬ್ಯಾಂಕಿನಲ್ಲಿ ರಶ್ಶಾ?" ಎಂದು ಕೇಳಿದರು.