ಪ್ರೋಗ್ರೆಸಿವ್ ರಾಕ್ ಕೇಳಬೇಕಾ? ಮೊದಲು ಈ 43 ನಿಮಿಷ ಕೇಳಿ

ಪ್ರೋಗ್ರೆಸಿವ್ ರಾಕ್, ಅಂದರೆ ಉದ್ದನೆಯ, ಸಂಕೀರ್ಣ ಹಾಡುಗಳ ರಾಕ್ ಸಂಗೀತ, ಅಂದ ಕೂಡಲೇ ಹಲವರು ಹಿಂದೆ ಸರಿಯುತ್ತಾರೆ. ಇಪ್ಪತ್ತು ನಿಮಿಷದ ಹಾಡು, ನಡುನಡುವೆ ಬದಲಾಗುವ ತಾಳ, ಮುಗಿಯದ ಕೀಬೋರ್ಡ್. ಶುರುವಿನಲ್ಲೇ ಕಷ್ಟದ ಆಲ್ಬಮ್‌ಗೆ ಕೈ ಹಾಕಿದರೆ ಹಾಗೇ ಆಗುವುದು.

ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ನಿಂದ ಶುರು ಮಾಡಿ. 1973ರ ಮಾರ್ಚ್‌ನಲ್ಲಿ ಬಂದ ಆಲ್ಬಮ್ ಇದು. ಒಟ್ಟು 10 ಟ್ರ್ಯಾಕ್, ಸುಮಾರು 43 ನಿಮಿಷ. ಯಾವ ಹಾಡೂ ಎಂಟು ನಿಮಿಷ ದಾಟುವುದಿಲ್ಲ. ಆದರೂ ಹತ್ತೂ ಸೇರಿ ಒಂದೇ ಹಾಡಿನ ಹಾಗೆ ಹರಿಯುತ್ತವೆ. ಪ್ರೋಗ್ರೆಸಿವ್ ರಾಕ್‌ನ ರುಚಿ ಇರುವುದೇ ಅಲ್ಲಿ.

1. ಶಫಲ್ ಆಫ್ ಮಾಡಿ. ಒಂದು ಹಾಡಿನ ಕೊನೆಗೆ ಇನ್ನೊಂದರ ಶುರುವನ್ನು ಬೆರೆಸುವ ಕ್ರಾಸ್‌ಫೇಡ್ ಕೂಡ ಬೇಡ. ಹಾಡುಗಳ ನಡುವೆ ಬಿಡುವು ಕೊಡದ ಗ್ಯಾಪ್‌ಲೆಸ್ ಆಯ್ಕೆ ಇದ್ದರೆ ಆನ್ ಮಾಡಿ. ಹಾಡುಗಳ ನಡುವೆ ಅರ್ಧ ಸೆಕೆಂಡ್ ಮೌನ ಬಂದರೂ ಈ ಆಲ್ಬಮ್ ಕೆಡುತ್ತದೆ. ಹೆಡ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು.

2. ವಾಲ್ಯೂಮ್ ಜಾಸ್ತಿ ಮಾಡಬೇಡಿ. ಆರಂಭದಲ್ಲಿ ಏನೂ ಕೇಳಿಸುವುದಿಲ್ಲ ಅನಿಸುತ್ತದೆ. ಸ್ವಲ್ಪ ತಾಳಿ, ಮೆಲ್ಲಗೆ ಎದೆಬಡಿತ ಶುರುವಾಗುತ್ತದೆ. ಅದರ ಮೇಲೆ ಗಡಿಯಾರ, ನಗು, ಕ್ಯಾಶ್ ರಿಜಿಸ್ಟರ್, ಕಿರುಚಾಟ. ಮುಂದೆ ಬರಲಿರುವ ಹಾಡುಗಳ ಸುಳಿವು ಇವು. ಈಗ ವಾಲ್ಯೂಮ್ ಏರಿಸಿಟ್ಟರೆ ‘ಟೈಮ್’ ಹಾಡಿನ ಗಡಿಯಾರಗಳು ಒಟ್ಟಿಗೆ ಬಡಿದಾಗ ಬೆಚ್ಚಿಬೀಳುತ್ತೀರಿ. ಸೌಂಡ್ ಎಂಜಿನಿಯರ್ ಆಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಗೆ ಹೋಗಿ ಒಂದೊಂದನ್ನೇ ರೆಕಾರ್ಡ್ ಮಾಡಿ ತಂದ ಸದ್ದುಗಳವು.

3. ‘ಟೈಮ್’ನ ಕೊನೆಗೆ ಕಿವಿಗೊಡಿ. ಇಲ್ಲಿ ಗಾಯನ ಶುರುವಾಗಲು ಎರಡು ನಿಮಿಷಕ್ಕೂ ಜಾಸ್ತಿ ಕಾಯಬೇಕು. ಕಾಯಿರಿ. ಹಾಡು ಮುಗಿಯುವ ಹೊತ್ತಿಗೆ ಶುರುವಿನಲ್ಲಿ ಕೇಳಿದ್ದ ‘ಬ್ರೀದ್’ ಹಾಡಿನ ರಾಗ ಸದ್ದಿಲ್ಲದೆ ವಾಪಸ್ ಬರುತ್ತದೆ. ಮೊದಲ ಸಲ ಕೇಳಿದಾಗ ನನಗಿದು ಗೊತ್ತೇ ಆಗಿರಲಿಲ್ಲ. ಗೊತ್ತಾದ ದಿನ ಇಡೀ ಆಲ್ಬಮ್ಮೇ ಬೇರೆಯಾಗಿ ಕೇಳಿಸಿತು.

ಮುಂದಿನದು ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’. ಹಾಡಿದವರು ಕ್ಲೇರ್ ಟೋರಿ. ಸಾಹಿತ್ಯದ ಒಂದು ಸಾಲೂ ಇಲ್ಲ, ಬರೀ ದನಿ. ಅವರಿಗೆ ಆಗ ಸಿಕ್ಕಿದ್ದು 30 ಪೌಂಡ್. ಕೋರ್ಟಿಗೆ ಹೋದ ಮೇಲೆ, 2005ರಲ್ಲಿ, ಸಂಯೋಜಕರ ಸಾಲಿನಲ್ಲಿ ಅವರ ಹೆಸರೂ ಸೇರಿತು. ಎಲ್‌ಪಿಯಲ್ಲಿ (ಗ್ರಾಮಫೋನ್ ತಟ್ಟೆಯಲ್ಲಿ) ಇಲ್ಲಿಗೆ ಒಂದು ಬದಿ ಮುಗಿಯುತ್ತದೆ. ಎದ್ದು ನೀರು ಕುಡಿಯಬೇಕಿದ್ದರೆ ಇದೇ ಸರಿಯಾದ ಜಾಗ.

4. ‘ಮನಿ’ಯಲ್ಲಿ ಬೆರಳು ಎಣಿಸಿ. ನಾಣ್ಯದ ಝಣಝಣ, ಕಾಗದ ಹರಿಯುವ ಸದ್ದು, ಕ್ಯಾಶ್ ರಿಜಿಸ್ಟರ್. ಟೇಪಿನ ತುಂಡುಗಳನ್ನು ಅಳೆದು ಅಂಟಿಸಿ ಮಾಡಿದ, ಸುತ್ತಿ ಸುತ್ತಿ ಮತ್ತೆ ಕೇಳಿಸುವ ಲೂಪ್ ಅದು. ನಾಣ್ಯಕ್ಕೆ ಒಂದು ಅಂತ ಶುರು ಮಾಡಿ. ಏಳಾದ ಮೇಲೆ ಮತ್ತೆ ಅದೇ ನಾಣ್ಯ. ‘ತಕಿಟ ತಕಧಿಮಿ’ ಅಂತ ಎಣಿಸಿದರೂ ಲೆಕ್ಕ ಕೂಡುತ್ತದೆ. ಡಿಕ್ ಪ್ಯಾರಿಯ ಸ್ಯಾಕ್ಸೊಫೋನ್ ಕೂಡ ಏಳರಲ್ಲೇ ಸಾಗುತ್ತದೆ. ಆದರೆ ತಂಡದ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಗಿಟಾರ್ ಸೋಲೋ ಶುರು ಮಾಡಿದ ಕೂಡಲೇ ತಾಳ ನಾಲ್ಕಕ್ಕೆ ಬದಲಾಗುತ್ತದೆ. ಎಣಿಸದಿದ್ದರೂ ಮೈ ಹಗುರಾದ ಹಾಗೆ ಅನಿಸುತ್ತದೆ, ಅಲ್ವಾ? ಸೋಲೋ ಮುಗಿದ ಮೇಲೆ ಮತ್ತೆ ಏಳು.

5. ಉಳಿದದ್ದನ್ನು ಸುಮ್ನೆ ಕೇಳಿ. ಎಣಿಕೆ ಬೇಡ. ಕೊನೆಯಲ್ಲಿ ಮತ್ತೆ ಅದೇ ಎದೆಬಡಿತ, ಅದರ ಮೇಲೆ ಒಬ್ಬರ ಮಾತು. ರೆಕಾರ್ಡಿಂಗ್ ನಡೆದ ಲಂಡನ್ನಿನ ಆ್ಯಬಿ ರೋಡ್ ಸ್ಟುಡಿಯೋದ ಬಾಗಿಲು ಕಾಯುತ್ತಿದ್ದವರ ದನಿ ಅದು. ತಂಡದ ರೋಜರ್ ವಾಟರ್ಸ್ ಕಾರ್ಡ್‌ಗಳಲ್ಲಿ ಪ್ರಶ್ನೆ ಬರೆದು, ಸ್ಟುಡಿಯೋದಲ್ಲಿ ಸಿಕ್ಕವರಿಂದ ಉತ್ತರ ಹೇಳಿಸಿ ರೆಕಾರ್ಡ್ ಮಾಡಿದ್ದರು.

ಕೆಲವು ದಿನ ಬಿಟ್ಟು ಇನ್ನೊಮ್ಮೆ ಕೇಳಿ. ಆಮೇಲೆ ಇದೇ ತಂಡದ 1975ರ ‘ವಿಶ್ ಯು ವರ್ ಹಿಯರ್’. ಅದೂ ಹಿಡಿಸಿದರೆ ಯೆಸ್ ತಂಡದ ‘ಕ್ಲೋಸ್ ಟು ದಿ ಎಡ್ಜ್’ಗೆ ಹೋಗಿ. 1972ರ ಆ ಆಲ್ಬಮ್‌ನಲ್ಲಿ ಮೂರೇ ಹಾಡು. ಮೊದಲನೆಯದೇ 18 ನಿಮಿಷಕ್ಕೂ ಜಾಸ್ತಿ. ಹಕ್ಕಿಗಳ ಚಿಲಿಪಿಲಿ, ಹರಿಯುವ ನೀರಿನ ಸದ್ದಿನಿಂದ ಶುರುವಾಗುತ್ತದೆ. ಕೊನೆಗೆ ಏನು ವಾಪಸ್ ಬರುತ್ತದೆ ಎಂದು ನೀವೇ ಕೇಳಿ ನೋಡಿ.