ಪಿರೆನೀಸ್ ಬೆಟ್ಟ ದಾಟಿದ ಆ ಒಂದು ದಿನ

ಕಮಿನೋಗೆ, ಅಂದರೆ ಸ್ಪೇನಿನ ಸಾಂತಿಯಾಗೊ ಊರಿಗೆ ನಡೆದೇ ಹೋಗುವ ಯಾತ್ರೆಗೆ, ಹೊರಡುವವರು ನನ್ನ ಹತ್ತಿರ ಮೊದಲು ಕೇಳುವುದು ಹತ್ತುವುದರ ಬಗ್ಗೆ. ನಾನು ಮೊದಲು ಹೇಳುವುದು ಇಳಿಯುವುದರ ಬಗ್ಗೆ. ನನ್ನ ಮೊಣಕಾಲು ಕೈಕೊಟ್ಟಿದ್ದು ಇಳಿಜಾರಿನಲ್ಲೇ.

ಫ್ರಾನ್ಸಿನ ಸ್ಯಾಂ ಜಾಂ ಪಿಯೆ ದ ಪೋರ್ ಊರಿಂದ ಸ್ಪೇನಿನ ರೊನ್ಸೆಸ್ವಾಯೆಸ್ ತನಕ ಸುಮಾರು 25 ಕಿ.ಮೀ. ಸಂತ ಯಾಕೋಬರ ಸಮಾಧಿಯಿದೆ ಎಂದು ನಂಬುವ ಸಾಂತಿಯಾಗೊಗೆ ಹೋಗುವ ಫ್ರೆಂಚ್ ದಾರಿಯಲ್ಲಿ ಬಹಳ ಜನರಿಗೆ ಇದೇ ಮೊದಲ ದಿನ. ಹೊರಡುವ ಊರು ಇರುವುದು 200 ಮೀಟರಿಗೂ ಕಡಿಮೆ ಎತ್ತರದಲ್ಲಿ, ಲೆಪೊಯೆಡರ್ ಘಾಟಿಯ ತುದಿ 1,400 ಮೀಟರಿಗೂ ಮೇಲೆ. ಹಿಂದಿನ ಸಂಜೆಯೇ ಯಾತ್ರಿಕರ ಕಚೇರಿಗೆ ಹೋಗಿ ಯಾತ್ರಾಪತ್ರಕ್ಕೆ ಮೊದಲ ಸೀಲು ಹಾಕಿಸಿಕೊಂಡು, ಹವಾಮಾನ ಕೇಳಿದೆ. ಬೆಟ್ಟದ ಮೇಲಿನ ಈ ದಾರಿಯನ್ನು ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಮುಚ್ಚಿರುತ್ತಾರೆ. ಆಗ ಕೆಳಗಿನ ವಾಲ್ಕಾರ್ಲೋಸ್ ದಾರಿಯೇ ಗತಿ. ಬೇರೆ ತಿಂಗಳಲ್ಲೂ ಕಚೇರಿಯವರು ಬೇಡ ಅಂದರೆ ದಯವಿಟ್ಟು ಹಟ ಮಾಡಬೇಡಿ.

ನಾನು ಹೋಗಿದ್ದು ಮೇ ಕೊನೆಯಲ್ಲಿ. ಬೆಳಿಗ್ಗೆ ಆರೂವರೆಗೆ ಕಾಲಿಗೆ ವ್ಯಾಸಲಿನ್ ಸವರಿ, ಆರು ಕಿಲೋ ಬ್ಯಾಗು ಹೆಗಲಿಗೇರಿಸಿ ಹೊರಟೆ. ಟಾರು ರಸ್ತೆಯೇ, ಆದರೆ ಊರು ದಾಟಿದ ಕೂಡಲೇ ಗೋಡೆಯ ಹಾಗೆ ಏರುತ್ತದೆ. ಒರಿಸ್ಸೋಂ ತಂಗುದಾಣ ಬರುವ ತನಕ ಎಂಟು ಕಿ.ಮೀ. ನಾನು ಜಪಸರ ಹಿಡಿದೇ ನಡೆದೆ. ಒಂದು ನಮಾನ್ ಮರಿಯೆಯನ್ನು (ಮಾತೆ ಮರಿಯಳ ಪ್ರಾರ್ಥನೆ) ಏದುಸಿರಿಲ್ಲದೆ ಪೂರ್ತಿ ಹೇಳಲು ಆಗುವಷ್ಟೇ ವೇಗ. ಉಸಿರು ಕಡಿದರೆ ಹೆಜ್ಜೆ ನಿಧಾನ ಮಾಡುವುದು. ಭಕ್ತಿಗೂ ಆಯಿತು, ಎದೆಗೂ ಆಯಿತು. ಒರಿಸ್ಸೋಂನಲ್ಲಿ ಕಾಫಿ ಕುಡಿದು ಕಾಲುಚೀಲ ಬದಲಿಸಿದೆ.

ಅಲ್ಲಿಂದ ಮೇಲೆ ಮರಗಳಿಲ್ಲ, ಬರೀ ಹುಲ್ಲು, ಕುರಿಗಳ ಕೊರಳ ಗಂಟೆ, ತಲೆಯ ಮೇಲೆ ರಣಹದ್ದು. ಬಿಯಾಕೊರಿ ಎಂಬಲ್ಲಿ ಬಂಡೆಗಳ ನಡುವೆ ಮಾತೆ ಮರಿಯಳ ಪುಟ್ಟ ಪ್ರತಿಮೆ. ಕುರಿಗಾಹಿಗಳು ಮರಿಯಳ ಯಾತ್ರಾಸ್ಥಳವಾದ ಲೂರ್ದಿನಿಂದ ತಂದು ನಿಲ್ಲಿಸಿದ್ದಂತೆ. ಕಾಲಬುಡದಲ್ಲಿ ಒಣಗಿದ ಹೂವು, ಯಾರದೋ ಜಪಸರ, ಗಾಳಿಗೆ ಹಾರದಂತೆ ಕಲ್ಲು ಹೇರಿಟ್ಟ ಒಂದು ಮಗುವಿನ ಫೋಟೊ. ಅದನ್ನು ನೋಡಿದ ಮೇಲೆ ನನ್ನ ಕೋರಿಕೆ ಬಾಯಿಗೆ ಬರಲಿಲ್ಲ. ಆ ಮಗುವಿಗಾಗಿ ಬೇಡಿಕೊಂಡು ಎದ್ದೆ.

ತಿಬೋ ಶಿಲುಬೆಯ ಹತ್ತಿರ ರಸ್ತೆ ಬಿಟ್ಟು ಹುಲ್ಲಿನ ಕಾಲುದಾರಿ. ರೋಲಾಂನ ಬುಗ್ಗೆಯಲ್ಲಿ ಬಾಟಲಿ ತುಂಬಿಸಿಕೊಂಡು ಮುಂದೆ ಬಂದರೆ ಗಡಿ. ಕಾವಲಿಲ್ಲ, ದನ ದಾಟದಂತೆ ಹಾಕಿದ ಕಬ್ಬಿಣದ ಸರಳು ಮಾತ್ರ. ದಾಟಿದರೆ ಸ್ಪೇನಿನ ನವಾರಾ ಪ್ರಾಂತ್ಯ. ಸಂತ ಫ್ರಾನ್ಸಿಸ್ ಝೇವಿಯರ್ 1506ರಲ್ಲಿ ಹುಟ್ಟಿದ್ದು ಈ ಸೀಮೆಯಲ್ಲೇ. ಕರಾವಳಿಯ ನಮ್ಮ ಮನೆಯ ಅಲ್ತಾರಿನಲ್ಲಿ (ಪ್ರಾರ್ಥನೆಯ ಪೀಠದಲ್ಲಿ) ಅವರ ಪಟ ನೋಡುತ್ತ ಬೆಳೆದವಳು ನಾನು. ಬಗ್ಗಿ ಆ ಮಣ್ಣು ಮುಟ್ಟಿದೆ.

ಲೆಪೊಯೆಡರ್‌ನಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಬೀಚ್ ಮರಗಳ ಕಾಡಿನೊಳಗೆ ನೇರ ಇಳಿಜಾರು, ಬಲಕ್ಕೆ ಇಬಾನ್ಯೆಟಾ ಕಡೆಯಿಂದ ಸ್ವಲ್ಪ ಸುತ್ತು, ಆದರೆ ಸೌಮ್ಯ. ಬೇಗ ಮುಟ್ಟಬೇಕೆಂದು ಎಡಕ್ಕೆ ಹೋದೆ, ಅದೇ ತಪ್ಪು. ನಾಲ್ಕೇ ಕಿ.ಮೀ.ಯಲ್ಲಿ ಸುಮಾರು ಐನೂರು ಮೀಟರ್ ಇಳಿತ, ಕಾಲಡಿಗೆ ಒದ್ದೆ ತರಗೆಲೆ, ಎಲೆಯಡಿ ಜಾರುವ ಬೇರು. ಊರುಗೋಲು ಒಂದೇ ಇತ್ತು, ಎರಡು ಬೇಕಿತ್ತು. ಅರ್ಧದಲ್ಲೇ ಬಲಮೊಣಕಾಲಿನೊಳಗೆ ಸೂಜಿ ಆಡಿದ ಹಾಗೆ. ಕೊನೆಗೆ ಅಡ್ಡಡ್ಡ ಹೆಜ್ಜೆ ಹಾಕುತ್ತ, ಮರದಿಂದ ಮರಕ್ಕೆ ಆತುಕೊಂಡು ಇಳಿದೆ. ಮಳೆ ಬಂದಿದ್ದರೆ, ಕಾಲು ಸೋತಿದ್ದರೆ, ನೀವು ಬಲಕ್ಕೇ ಹೋಗಿ.

ಸಂಜೆ ರೊನ್ಸೆಸ್ವಾಯೆಸ್‌ನ ಹಳೆಯ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಬಲಿಪೂಜೆ, ಅಂದರೆ ಮಾಸ್. ಕೊನೆಗೆ ಯಾತ್ರಿಕರನ್ನೆಲ್ಲ ಮುಂದಕ್ಕೆ ಕರೆದರು. ಮೊಣಕಾಲೂರಲು ಹೋದೆ, ಮಡಚಲಿಲ್ಲ. ಪಕ್ಕದ ವೃದ್ಧೆಯೊಬ್ಬರು ಮಾತಾಡದೆ ತಮ್ಮ ತೋಳು ಚಾಚಿದರು. ಅದನ್ನು ಹಿಡಿದು, ನಿಂತೇ ಆಶೀರ್ವಾದ ಪಡೆದೆ.