ನನ್ನ ಎಂಜಿಬಿಗೆ ಸೂಪರ್‌ಚಾರ್ಜರ್ ಕೂರಿಸಿದ್ದು

ನಮ್ಮಪ್ಪನ ಅಂಬಾಸಿಡರ್ ಬಾನೆಟ್ ಎತ್ತಿದಾಗ ಬರುತ್ತಿದ್ದ ವಾಸನೆ ಇನ್ನೂ ಮೂಗಿನಲ್ಲಿದೆ. ಬಿಸಿ ಆಯಿಲ್, ಚೂರು ಪೆಟ್ರೋಲು, ಕಾದ ರಬ್ಬರು. ಎಷ್ಟೋ ವರ್ಷದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ 1972ರ ಒಂದು ಎಂಜಿಬಿ ಜಿಟಿ, ಅಂದರೆ ಬ್ರಿಟನ್ನಿನ ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು, ನೋಡಲು ಹೋದೆ. ಬಾನೆಟ್ ಎತ್ತಿದರೆ ಅದೇ ವಾಸನೆ. ಬರದೆ ಏನು? ಅಂಬಾಸಿಡರಿನ 1489 ಸಿಸಿ ಇಂಜಿನ್ನೂ ಎಂಜಿಬಿಯ 1798 ಸಿಸಿ ಇಂಜಿನ್ನೂ ಒಂದೇ ಮನೆತನದವು, ಬ್ರಿಟನ್ನಿನ ಕಾರು ಕಂಪನಿ ಬಿಎಂಸಿಯ ಬಿ-ಸೀರೀಸ್. ಅವತ್ತೇ ಕಾರು ತಗೊಂಡೆ.

ನಾಲ್ಕು ವರ್ಷ ಹಾಗೇ ಓಡಿಸಿದೆ. ಗಟ್ಟಿ ಇಂಜಿನ್, ಆದರೆ ಉಸಿರು ಕಮ್ಮಿ. ಇದರ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಗಾಳಿ ಒಳಬರುವ ಕಿಂಡಿ ಎರಡೇ. ಒಂದು ಮತ್ತು ಎರಡಕ್ಕೆ ಒಂದು, ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಕಿಂಡಿ ಕೊರೆದು, ಚುರುಕಿನ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹಾಕಿ ಶಕ್ತಿ ಜಾಸ್ತಿ ಮಾಡಬಹುದು. ಆದರೆ ಆಗ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಹೋಗುತ್ತೆ, ಊರೊಳಗೆ ಓಡಿಸೋದು ಕಷ್ಟ. ನನಗೆ ಬೇಕಿದ್ದದ್ದು 2000 ಆರ್‌ಪಿಎಂನಿಂದಲೇ ಎಳೆತ. ಅದಕ್ಕೆ ಸೂಪರ್‌ಚಾರ್ಜರೇ ಸರಿ ಅನಿಸಿತು, ಅಂದರೆ ಇಂಜಿನ್ನಿನ ಬೆಲ್ಟಿನಿಂದ ತಿರುಗಿ ಸಿಲಿಂಡರಿಗೆ ಒತ್ತಿ ಗಾಳಿ ತುಂಬುವ ಬ್ಲೋವರ್. ಎಂಜಿಗೆ ಇದು ಹೊರಗಿನ ವಿದ್ಯೆಯೂ ಅಲ್ಲ. 1933ರಲ್ಲಿ ಇಟಲಿಯ ರೇಸರ್ ನುವೊಲಾರಿ ಅಲ್ಸ್ಟರ್ ಟೂರಿಸ್ಟ್ ಟ್ರೋಫಿ ರೇಸ್ ಗೆದ್ದದ್ದು ಸೂಪರ್‌ಚಾರ್ಜರ್ ಇದ್ದ ಎಂಜಿ ಕೆ3 ಕಾರಿನಲ್ಲಿ.

ಮೊದಲು ಇಂಜಿನ್ ಆರೋಗ್ಯ ನೋಡಿದೆ. ಕಂಪ್ರೆಶನ್ ಟೆಸ್ಟಿನಲ್ಲಿ ನಾಲ್ಕೂ ಸಿಲಿಂಡರ್ 160ರಿಂದ 168 ಪಿಎಸ್‌ಐ ಒಳಗೆ ಬಂದವು. ಒಂದು ಸಿಲಿಂಡರ್ ಕೆಳಗೆ ಬಿದ್ದಿದ್ದರೂ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಸೋತ ಇಂಜಿನ್ನಿಗೆ ಗಾಳಿ ತುಂಬಿದರೆ ಅದು ಬೇಗ ಸಾಯುತ್ತೆ, ಅಷ್ಟೇ.

ಆಮೇಲೆ ದೊಡ್ಡ ಪ್ರಶ್ನೆ: ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಎಲ್ಲಿಡಬೇಕು? ಗಾಳಿ ಬ್ಲೋವರಿಗೆ ಹೋಗುವ ಮೊದಲೋ, ಆದಮೇಲೋ? ಬ್ಲೋವರ್ ಆದಮೇಲೆ ಇಟ್ಟರೆ ಕಾರ್ಬ್ಯುರೇಟರೊಳಗೇ ಒತ್ತಡ ಬರುತ್ತೆ. ಅದರ ಪೆಟ್ರೋಲ್ ನಿಲ್ಲುವ ಬಟ್ಟಲು, ಫ್ಲೋಟ್ ಬೌಲಿಗೂ ಅದೇ ಒತ್ತಡ ಕೊಡಬೇಕು. ಬೂಸ್ಟ್ (ಬ್ಲೋವರ್ ಕೊಡುವ ಹೆಚ್ಚುವರಿ ಒತ್ತಡ) ಏರಿದ ಹಾಗೆ ಪೆಟ್ರೋಲ್ ಪಂಪಿನ ಒತ್ತಡವೂ ಏರಬೇಕು. ಥ್ರಾಟಲ್ (ಗಾಳಿ ಬಿಡುವ ಬಾಗಿಲು) ದಂಡದ ಸಂದಿಯಿಂದ ಪೆಟ್ರೋಲ್ ಆವಿ ಹೊರಗೆ ಬರುವ ಭಯ ಬೇರೆ. ಬ್ಲೋವರಿಗೆ ಮೊದಲೇ ಇಟ್ಟರೆ ಈ ತಲೆನೋವು ಯಾವುದೂ ಇಲ್ಲ. ಕಾರ್ಬ್ಯುರೇಟರಿಗೆ ಗೊತ್ತಾಗೋದು ಯಾರೋ ಜೋರಾಗಿ ಗಾಳಿ ಎಳೀತಿದ್ದಾರೆ ಅಂತ ಮಾತ್ರ. ಎಸ್‌ಯು ಕಾರ್ಬ್ಯುರೇಟರ್ ಹುಟ್ಟಿರೋದೇ ಅದಕ್ಕೆ. ಗಾಳಿ ಎಷ್ಟು ಬಂದರೆ ಅಷ್ಟು ಅದರೊಳಗಿನ ಪಿಸ್ಟನ್ ಮೇಲೇಳುತ್ತೆ, ಜೊತೆಗೆ ಪೆಟ್ರೋಲ್ ತೂತಿನಲ್ಲಿರುವ ನೀಡಲೂ (ಚೂಪು ಸೂಜಿ) ಎದ್ದು ಅಷ್ಟು ಪೆಟ್ರೋಲ್ ಬಿಡುತ್ತೆ. ಡಿಕ್ಕಿ ಕಡೆ ಟಿಕ್ ಟಿಕ್ ಅನ್ನುವ ಹಳೇ ಎಲೆಕ್ಟ್ರಿಕ್ ಪಂಪೇ ಸಾಕು. ಪೆಟ್ರೋಲ್ ಆವಿಯಾಗುತ್ತಾ ಬ್ಲೋವರನ್ನು ತಂಪು ಮಾಡೋದು ಇನ್ನೊಂದು ಲಾಭ. ಹಾಗಾಗಿ ಜೋಡಿ ಕಾರ್ಬ್ಯುರೇಟರ್ ಬಿಚ್ಚಿಟ್ಟು ಒಂದೇ ಒಂದು ಎಸ್‌ಯು ಕಾರ್ಬ್ಯುರೇಟರ್, ಎಚ್‌ಐಎಫ್44 ತಂದೆ.

ಬ್ಲೋವರ್ ಸೆಕೆಂಡ್ ಹ್ಯಾಂಡ್. ಮೊದಲ ತಲೆಮಾರಿನ ಬಿಎಂಡಬ್ಲ್ಯು ಮಿನಿ ಕೂಪರ್ ಎಸ್‌ನಿಂದ ಬಂದ ಈಟನ್ ಎಂ45. ಒಂದು ಸುತ್ತಿಗೆ 45 ಕ್ಯೂಬಿಕ್ ಇಂಚು, ಅಂದರೆ ಸುಮಾರು 0.74 ಲೀಟರ್ ಗಾಳಿ ತಳ್ಳುತ್ತೆ. ನನ್ನ ಇಂಜಿನ್ ಒಂದು ಸುತ್ತಿಗೆ ಹೆಚ್ಚೆಂದರೆ 0.9 ಲೀಟರ್ ಕುಡಿಯುತ್ತೆ, ನಿಜವಾಗಿ ಅದಕ್ಕಿಂತ ಕಮ್ಮಿ. ಸೋರಿಕೆ, ಬಿಸಿ ಎಲ್ಲ ಕಳೆದು ಲೆಕ್ಕ ಹಾಕಿದರೆ ಇಂಜಿನ್ನಿನ ಮುಖ್ಯ ದಂಡ, ಕ್ರ್ಯಾಂಕ್, ಒಂದು ಸುತ್ತಿಗೆ ಬ್ಲೋವರ್ ಒಂದೂವರೆ ಸುತ್ತು ತಿರುಗಿದರೆ 6 ಪಿಎಸ್‌ಐ ಆಸುಪಾಸು ಬೂಸ್ಟ್ ಬರಬೇಕು. ಕಂಪ್ರೆಶನ್ ರೇಶಿಯೋ (ಸಿಲಿಂಡರ್ ಗಾಳಿಯನ್ನು ಎಷ್ಟು ಪಟ್ಟು ಕುಗ್ಗಿಸುತ್ತೆ ಅನ್ನೋದು) 9ರ ಹತ್ತಿರ ಇರುವ ಹಳೇ ಇಂಜಿನ್ನಿಗೆ ಅದಕ್ಕಿಂತ ಜಾಸ್ತಿ ಆಸೆ ಪಡಬಾರದು ಅಂತ ನನ್ನ ಅಭಿಪ್ರಾಯ.

ಬಿಚ್ಚಿ ನೋಡಿದರೆ ಮುಂದಿನ ಗೇರ್ ಗೂಡಿನಲ್ಲಿ ಆಯಿಲ್ ಬತ್ತಿ ಕಪ್ಪು ರಾಡಿ ಉಳಿದಿತ್ತು. ತೊಳೆದು ಹೊಸ ಆಯಿಲ್ ತುಂಬಿದೆ. ಮಿನಿಯಲ್ಲಿ ನೀರಿನ ಪಂಪು ಇದರ ಬೆನ್ನಿನಿಂದಲೇ ತಿರುಗುತ್ತಿತ್ತು, ಆ ಜಾಗಕ್ಕೆ ಒಂದು ಮುಚ್ಚಳ ಮಾಡಿಸಿದೆ. ಬ್ಲೋವರಿನಿಂದ ಹೆಡ್ಡಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡನ್ನು ಅಲ್ಯೂಮಿನಿಯಂನಲ್ಲಿ ವೆಲ್ಡ್ ಮಾಡಿಸಿದೆ. ಬಿ-ಸೀರೀಸಿನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಬದಿ, ಅದಕ್ಕೇ ಮಧ್ಯೆ ಒಂದು ಶಾಖ ತಡೆಯುವ ತಗಡು ಬೇಕೇ ಬೇಕು. ಬ್ಲೋವರ್ ತುಂಬಾ ಪೆಟ್ರೋಲ್ ಮಿಶ್ರ ಗಾಳಿ ಇರೋದರಿಂದ ಬ್ಯಾಕ್‌ಫೈರ್ ಆದರೆ ಒತ್ತಡ ಹೊರಬಿಡಲು ಸ್ಪ್ರಿಂಗಿನ ವಾಲ್ವ್ ಹಾಕಿದೆ. ಬ್ರೇಕ್ ಸರ್ವೋ (ನಿರ್ವಾತದಿಂದ ಬ್ರೇಕಿಗೆ ಬಲ ಕೊಡುವ ಡಬ್ಬಿ) ಪೈಪಿಗೆ ಹೊಸ ಒನ್‌ವೇ ವಾಲ್ವ್. ಇಲ್ಲದಿದ್ದರೆ ಬೂಸ್ಟ್ ಹೋಗಿ ಸರ್ವೋ ಸೇರುತ್ತೆ. ಕ್ರ್ಯಾಂಕ್‌ಕೇಸಿನ ಉಸಿರಿನ ಪೈಪನ್ನೂ ಬೂಸ್ಟ್ ಇರುವ ಕಡೆಗೆ ಜೋಡಿಸಬಾರದು. ನಾನು ಬೇರೆ ಡಬ್ಬಿಗೆ ಬಿಟ್ಟೆ.

ಬೆಲ್ಟ್ ನನ್ನ ಎರಡು ವಾರ ತಿಂದಿತು. ಆರು ಗೆರೆಯ ಚಪ್ಪಟೆ ಬೆಲ್ಟ್. ಕಣ್ಣಿಗೆ ನೇರ ಕಾಣುತ್ತಿತ್ತು. ಹತ್ತು ನಿಮಿಷ ಓಡಿಸಿ ನೋಡಿದರೆ ರೇಡಿಯೇಟರ್ ಹಿಂಬದಿಯಲ್ಲಿ ಕಾಡಿಗೆಯ ಹಾಗೆ ಕಪ್ಪು ಪುಡಿ. ಉಕ್ಕಿನ ಪಟ್ಟಿಯನ್ನು ಎರಡೂ ಪುಲ್ಲಿಗಳ ಮುಖಕ್ಕೆ ಒತ್ತಿ ಹಿಡಿದೆ. ಬ್ಲೋವರ್ ಪುಲ್ಲಿಯ ಕೆಳ ಅಂಚಿನಲ್ಲಿ ಉಗುರು ತೂರುವಷ್ಟು ಸಂದಿ. ಬ್ರಾಕೆಟ್ ಕೆಳಗೆ ತೆಳು ಶಿಮ್ ಇಟ್ಟು, ಮತ್ತೆ ಬಿಗಿದು, ಮತ್ತೆ ಅಳೆದು, ಆ ಸಂದಿಗೆ ಕಾಗದವೂ ತೂರದ ಹಾಗೆ ಮಾಡಿದೆ. ಪುಡಿ ನಿಂತಿತು.

ಇಷ್ಟಾದರೆ ಕೆಲಸ ಮುಗೀತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಿಜವಾದ ಕೆಲಸ ಶುರುವಾಗೋದೇ ಇಲ್ಲಿ. ಗಾಳಿ ತುಂಬೋದು ನಟ್ಟು ಬೋಲ್ಟಿನ ಕೆಲಸ. ಆ ಗಾಳಿಗೆ ತಕ್ಕ ಪೆಟ್ರೋಲು, ಸರಿಯಾದ ಹೊತ್ತಿಗೆ ಕಿಡಿ, ಇವೆರಡು ತಪ್ಪಿದರೆ ಪಿಸ್ಟನ್ ಉಳಿಯಲ್ಲ.

ಎಕ್ಸಾಸ್ಟಿನಲ್ಲಿ ಗಾಳಿ, ಪೆಟ್ರೋಲ್ ಪಾಲು ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿದ್ದೆ. ಬೂಸ್ಟಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಅನುಪಾತ 12ರ ಹತ್ತಿರ ಇರಲಿ ಅಂತ ನನ್ನ ಗುರಿ. ಮೊದಲ ದಿನ 3000 ಆರ್‌ಪಿಎಂನಲ್ಲಿ ಕಾಲು ಒತ್ತಿದ ತಕ್ಷಣ ಮೀಟರ್ 13.6 ತೋರಿಸಿತು, ಅಂದರೆ ಪೆಟ್ರೋಲ್ ಸಾಲದು. ಕೂಡಲೇ ಕಾಲು ತೆಗೆದೆ. ಮೂರು ನೀಡಲ್ ಬದಲಿಸಿದೆ, ಯಾವುದೂ ಹೊಂದಲಿಲ್ಲ. ಮೇಲ್ಭಾಗ ಸರಿಯಿದ್ದರೆ ತುದಿ ದಪ್ಪ, ತುದಿ ಸರಿಯಿದ್ದರೆ ಐಡಲ್‌ನಲ್ಲಿ ಕಪ್ಪು ಹೊಗೆ. ನೀಡಲ್ ತೆಳುವಾದಷ್ಟೂ ಪೆಟ್ರೋಲ್ ಜಾಸ್ತಿ, ಹಾಗಾಗಿ ಕೊನೆಗೆ ನಾನೇ ಉಜ್ಜಿದೆ. ನೀಡಲನ್ನು ಡ್ರಿಲ್ ಬಾಯಿಗೆ ಕಚ್ಚಿಸಿ, ನಿಧಾನ ತಿರುಗಿಸುತ್ತಾ, 1200 ನಂಬರ್ ಎಮರಿ ಕಾಗದವನ್ನು ಎರಡು ಬೆರಳಲ್ಲಿ ಹಿಡಿದು ತುದಿಯ ಕಡೆ ಮಾತ್ರ ಸವರಿದೆ. ಹತ್ತು ಸೆಕೆಂಡ್ ಉಜ್ಜು, ಮೈಕ್ರೋಮೀಟರಿನಲ್ಲಿ ಅಳೆ, ಬರೆದುಕೋ, ಹಾಕಿ ಓಡಿಸಿ ನೋಡು. ಒಂದು ಸಲಕ್ಕೆ 0.02 ಮಿಲಿಮೀಟರಿಗಿಂತ ಜಾಸ್ತಿ ತೆಗೆಯಲಿಲ್ಲ, ಯಾಕಂದರೆ ತೆಗೆದದ್ದನ್ನು ವಾಪಸ್ ಹಾಕೋಕಾಗಲ್ಲ. ಐದನೇ ಸಲಕ್ಕೆ 12.1 ಬಂತು. ಅವತ್ತಿನ ಖುಷಿ ಹೇಳತೀರದು.

ಆದರೆ ಮೀಟರ್ ಹೇಳೋದು ನಾಲ್ಕೂ ಸಿಲಿಂಡರಿನ ಸರಾಸರಿ. ಎರಡೆರಡಕ್ಕೆ ಒಂದೇ ಕಿಂಡಿ ಇರುವ ಇಂಜಿನ್ನಿನಲ್ಲಿ ಪಾಲು ಸಮ ಆಗೋದಿಲ್ಲ. ಅದಕ್ಕೇ ಪ್ರತಿ ಓಟದ ನಂತರ ಪ್ಲಗ್ ತೆಗೆದು ಸಾಲಾಗಿ ಇಟ್ಟು ಬಣ್ಣ ನೋಡುತ್ತಿದ್ದೆ. ಬೆಳ್ಳಗಿದ್ದರೆ ಆ ಸಿಲಿಂಡರಿಗೆ ಪೆಟ್ರೋಲ್ ಕಮ್ಮಿ ಅಂತ ಅರ್ಥ, ಅತಿ ಬೆಳ್ಳಗಿರುವ ಪ್ಲಗ್ಗಿಗೆ ತಕ್ಕ ಹಾಗೆ ಪೆಟ್ರೋಲ್ ಕೊಡಬೇಕು. ಪ್ಲಗ್ ಕೂಡ ಒಂದು ಹಂತ ತಂಪಿನದು ಹಾಕಿದೆ, ಎನ್‌ಜಿಕೆ ಬಿಪಿ6ಇಎಸ್ ಬದಲು ಬಿಪಿ7ಇಎಸ್. ಗ್ಯಾಪ್ 0.6 ಮಿಲಿಮೀಟರ್.

ಟೈಮಿಂಗ್‌ನಲ್ಲಿ, ಅಂದರೆ ಕಿಡಿ ಹಾರುವ ಹೊತ್ತಿನಲ್ಲಿ, ನಾನು ಒಂದು ತಪ್ಪು ಮಾಡಿದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ (ನಿರ್ವಾತ) ಪೈಪನ್ನು ಕಾರ್ಬ್ಯುರೇಟರಿಗೂ ಬ್ಲೋವರಿಗೂ ನಡುವೆ ಜೋಡಿಸಿದ್ದೆ. ಒಂದು ಏರಿನಲ್ಲಿ ಅರ್ಧ ಥ್ರಾಟಲ್ ಕೊಟ್ಟಾಗ ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದಂಥ ಸದ್ದು. ನಾಕಿಂಗ್, ಅಂದರೆ ಪೆಟ್ರೋಲ್ ಹೊತ್ತಲ್ಲದ ಹೊತ್ತಿಗೆ ಸಿಡಿಯೋದು! ಪೂರ್ತಿ ಒತ್ತಿದರೆ ಇಲ್ಲ, ಅರ್ಧದಲ್ಲಿ ಮಾತ್ರ. ರಾತ್ರಿಯೆಲ್ಲ ಯೋಚಿಸಿದ ಮೇಲೆ ಹೊಳೆಯಿತು. ಥ್ರಾಟಲ್ ಅರ್ಧ ಮುಚ್ಚಿದ್ದಾಗ ಬ್ಲೋವರಿಗೆ ಮೊದಲು, ಕಾರ್ಬ್ಯುರೇಟರ್ ಕಡೆ, ನಿರ್ವಾತ ಇದ್ದೇ ಇರುತ್ತೆ. ಆದರೆ ಅದೇ ಹೊತ್ತಿಗೆ ಬ್ಲೋವರ್ ಆಚೆ ಸಿಲಿಂಡರ್ ತುಂಬುತ್ತಿರುತ್ತೆ. ಇಂಜಿನ್ ಮೇಲೆ ಭಾರ ಇಲ್ಲ ಅಂತ ನಂಬಿ ಡಿಸ್ಟ್ರಿಬ್ಯೂಟರ್ ಕಿಡಿಯನ್ನು ಮುಂದಕ್ಕೆ ತಂದಿತ್ತು. ಪೈಪನ್ನು ಮ್ಯಾನಿಫೋಲ್ಡ್ ಕಡೆಗೆ ಬದಲಿಸಿದೆ.  ವ್ಯಾಕ್ಯೂಮ್ ಪೈಪ್ ಬಿಚ್ಚಿ ಅಳೆದರೆ 32 ಡಿಗ್ರಿ ಇದ್ದ ಗರಿಷ್ಠ ಅಡ್ವಾನ್ಸನ್ನು (ಕಿಡಿ ಎಷ್ಟು ಮುಂಚೆ ಹಾರುತ್ತೆ ಅನ್ನೋದನ್ನು) 26ಕ್ಕೆ ತಂದೆ, ಒಂದು ಪಿಎಸ್‌ಐ ಬೂಸ್ಟಿಗೆ ಒಂದು ಡಿಗ್ರಿ ಲೆಕ್ಕ. ಪೆಟ್ರೋಲೂ ಈಗ ಮೇಲಿನ ದರ್ಜೆಯದೇ, ಇ5 (ಎಥನಾಲ್ ಶೇ. 5ರವರೆಗೆ). ಇಂಗ್ಲೆಂಡಿನಲ್ಲಿ 2021ರಿಂದ ಮಾಮೂಲಿ ಪೆಟ್ರೋಲ್ ಇ10 (ಎಥನಾಲ್ ಶೇ. 10ರವರೆಗೆ) ಆಗಿದೆ. ಅದರ ಆಕ್ಟೇನ್ ಕಮ್ಮಿ, ಎಥನಾಲ್ ಹಳೇ ರಬ್ಬರ್ ಪೈಪುಗಳನ್ನೂ ತಿನ್ನುತ್ತೆ.

ಚಳಿಯಲ್ಲಿ ಒಂದು ತೊಂದರೆ ಉಳಿದಿದೆ. ತಣ್ಣಗಿನ ಬ್ಲೋವರೊಳಗೆ ಪೆಟ್ರೋಲ್ ಹನಿಯಾಗಿ ನಿಂತುಬಿಡುತ್ತೆ, ಮೊದಲ ಮೂರು ನಾಲ್ಕು ನಿಮಿಷ ಇಂಜಿನ್ ಮುನಿಸಿಕೊಂಡ ಹಾಗೆ ಓಡುತ್ತೆ. ಚೋಕ್ ನಿಧಾನವಾಗಿ ಒಳಗೆ ತಳ್ಳುತ್ತಾ ಕಾಯಬೇಕು. ಪೆಟ್ರೋಲ್ ತೊಳೆದು ತೊಳೆದು ಹಿಂದಿನ ಬೇರಿಂಗಿನ ಗ್ರೀಸ್ ಹೋಗುವ ಸಾಧ್ಯತೆಯೂ ಇದೆ. ಅದಕ್ಕೆ ವರ್ಷಕ್ಕೊಮ್ಮೆ ಬಿಚ್ಚಿ ನೋಡೋದು ಅಂತ ಇಟ್ಟುಕೊಂಡಿದ್ದೇನೆ. ಹಾಂ, ಇನ್ಶೂರೆನ್ಸಿನವರಿಗೆ ಮೊದಲೇ ಬರೆದು ತಿಳಿಸಿದ್ದೆ. ಅದನ್ನು ಯಾರೂ ಬಿಡಬೇಡಿ.

ಹೋದ ಭಾನುವಾರ ಬ್ರಾಡ್‌ವೇ ಊರಿನ ಮೇಲಿರುವ ಫಿಶ್ ಹಿಲ್ ಏರಿಗೆ ತಗೊಂಡು ಹೋದೆ. ಮೊದಲು ಮೂರನೇ ಗೇರಿಗೆ ಇಳಿಸಲೇಬೇಕಿದ್ದ ಜಾಗ. ಈಗ ನಾಲ್ಕರಲ್ಲೇ ಇಟ್ಟು ಕಾಲು ಒತ್ತಿದೆ. ಬ್ಲೋವರಿನ ಸಣ್ಣ ಸಿಳ್ಳು, 12ರಲ್ಲಿ ನಿಂತ ಮೀಟರ್, ಹಿಂದಿನಿಂದ ಯಾರೋ ಅಂಗೈ ಇಟ್ಟು ತಳ್ಳಿದ ಹಾಗೆ ಕಾರು ಏರಿತು. ಮೇಲೆ ನಿಲ್ಲಿಸಿ ಬಾನೆಟ್ ಎತ್ತಿದೆ. ಮ್ಯಾನಿಫೋಲ್ಡ್ ಮುಟ್ಟಲಾಗದಷ್ಟು ಬಿಸಿ, ಒಂದು ಗೇಣು ಆಚೆ ಕಾರ್ಬ್ಯುರೇಟರ್ ಮೈಮೇಲೆ ಮಂಜಿನ ಹನಿ. ಮತ್ತೆ ಅದೇ ವಾಸನೆ. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ.